ಸಾನ್ ಹುವಾನ್‌ನ ಕಡಲತಡಿಯ ಸ್ಮಶಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ಗೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ರಜೆಯಲ್ಲಿ ಹೋಗಿಬರುವುದುಂಟು. ಅವರನ್ನು ನೋಡಲು ಊರಿನಿಂದ ಬಂದ ತಂದೆ ತಾಯಂದಿರೂ ಜೊತೆಗಿರುತ್ತಾರೆ. ಕೋಟೆ ನೋಡಿ, ಬಣ್ಣದ ಮನೆಗಳ ಬೀದಿಗಳಲ್ಲಿ ಅಡ್ಡಾಡಿ ಹಿಂದಿರುಗುವವರಲ್ಲಿ ಹೆಚ್ಚಿನವರು ಕೋಟೆಯ ಮಗ್ಗುಲಲ್ಲೇ ಇರುವ ಸ್ಮಶಾನವನ್ನು ಗೋಡೆಯ ಮೇಲಿನಿಂದ ಒಮ್ಮೆ ಇಣುಕಿ ಮುಂದೆ ಸಾಗುತ್ತಾರೆ. ಒಳಗೆ ಮಲಗಿರುವವರು ಯಾರೆಂದು ಮೊದಲೇ ತಿಳಿದಿದ್ದರೆ ಹಾಗೆ ಮುಂದೆ ಸಾಗಲು ಮನಸ್ಸು ಬರುವುದಿಲ್ಲ ಎಂಬ ನಂಬಿಕೆಯಿಂದ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ.

ಈ ಸ್ಮಶಾನ ಎಲ್ಲಿದೆ? ಇದರ ಪೂರ್ಣ ಹೆಸರೇನು?

ಇದರ ಹೆಸರು ಸಾಂತಾ ಮರಿಯಾ ಮಗ್ದಲೇನಾ ದೆ ಪಾಸಿಸ್ ಸ್ಮಶಾನ. ಹಳೆಯ ಸಾನ್ ಹುವಾನ್ ನಗರವು ಒಂದು ಪುಟ್ಟ ದ್ವೀಪದ ಮೇಲಿದ್ದು, ಅದರ ವಾಯವ್ಯ ತುದಿಯಲ್ಲಿ ಎಲ್ ಮೊರೊ ಎಂಬ ಕೋಟೆ ಅಟ್ಲಾಂಟಿಕ್ ಸಾಗರಕ್ಕೆ ಎದೆಗೊಟ್ಟು ನಿಂತಿದೆ. ಕೋಟೆಯ ಮುಂದಿನ ವಿಶಾಲವಾದ ಹುಲ್ಲುಗಾವಲಿನ ಉತ್ತರದ ಅಂಚಿನಲ್ಲಿ ನಗರದ ಗೋಡೆ ಹಾದುಹೋಗುತ್ತದೆ. ಆ ಗೋಡೆಯ ಕೆಳಗೆ, ಗೋಡೆಗೂ ಸಮುದ್ರಕ್ಕೂ ನಡುವಿನ ಸಣ್ಣ ಪಟ್ಟಿಯಂಥ ನೆಲದಲ್ಲಿ ಸ್ಮಶಾನವಿದೆ. ಒಂದು ಬದಿಗೆ ಕೋಟೆ, ಇನ್ನೊಂದು ಬದಿಗೆ ಲಾ ಪೆರ್ಲಾ ಎಂಬ ಜನವಸತಿ, ಬೆನ್ನಿಗೆ ಗೋಡೆ, ಎದುರಿಗೆ ಸಾಗರ. ಒತ್ತೊತ್ತಾಗಿ ನಿಂತ ಬಿಳಿಯ ಅಮೃತಶಿಲೆಯ ಗೋರಿಗಳ ನಡುವೆ ಕೆಂಪು ಛಾಯೆಯ ಗುಮ್ಮಟವುಳ್ಳ ದುಂಡನೆಯ ಪ್ರಾರ್ಥನಾಮಂದಿರವೊಂದು ದೂರದಿಂದಲೇ ಕಾಣುವುದರಿಂದ ಜಾಗವನ್ನು ಗುರುತಿಸುವುದು ಕಷ್ಟವಲ್ಲ.

ಯಾರ ಹೆಸರನ್ನು ಇಟ್ಟಿದ್ದಾರೆ?

1566ರಿಂದ 1607ರವರೆಗೆ ಬದುಕಿದ್ದ, ಇಟಲಿಯ ಫ್ಲಾರೆನ್ಸ್ ನಗರದ ಸನ್ಯಾಸಿನಿಯೊಬ್ಬರ ಹೆಸರಿದು. ಅವರು ಕಾರ್ಮೆಲೈಟ್ ಪಂಥಕ್ಕೆ ಸೇರಿದವರು; ಕ್ಯಾಥೊಲಿಕ್ ಚರ್ಚು 1669ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಬೈಬಲ್ಲಿನಲ್ಲಿ ಬರುವ ಮಗ್ದಲದ ಮರಿಯಳೇ ಇವರೆಂದು ಅನೇಕರು ತಿಳಿಯುತ್ತಾರೆ. ಇಬ್ಬರೂ ಬೇರೆ ಬೇರೆ. ಕಾರ್ಮೆಲೈಟ್ ಸನ್ಯಾಸಿನಿಯರ ಮಠವೊಂದು ಸಾನ್ ಹುವಾನ್‌ನಲ್ಲಿ 1651ರಿಂದಲೇ ಇತ್ತು. ಪ್ರಧಾನ ಚರ್ಚಿನ ಎದುರಿಗಿರುವ ಆ ಕಟ್ಟಡ ಈಗ ಹೋಟೆಲಾಗಿದೆ.

ಊರಿನ ಗೋಡೆಯ ಹೊರಗೆ, ಸಮುದ್ರದ ಅಂಚಿನಲ್ಲೇ ಏಕೆ ಕಟ್ಟಿದರು?

ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವ ಕಥೆಯೊಂದಿದೆ: ಸತ್ತವರ ಆತ್ಮ ಸಾಗರವನ್ನು ದಾಟಿ ಪರಲೋಕಕ್ಕೆ ಹೋಗುವ ಪಯಣದ ಸಂಕೇತವಾಗಿ ಕಡಲಿಗೆ ಮುಖಮಾಡಿದ ಜಾಗವನ್ನು ಆರಿಸಿದರು ಎಂದು. ಕೇಳಲು ಸೊಗಸಾಗಿದೆ, ಅಲ್ಲಿ ನಿಂತಾಗ ನಿಜವೆಂದೂ ತೋರುತ್ತದೆ. ಆದರೆ ಚರಿತ್ರೆಯ ಕಾರಣ ಇದಕ್ಕಿಂತ ಲೌಕಿಕವಾದದ್ದು.

ಸ್ಪೇನ್ ಮತ್ತು ಅದರ ವಸಾಹತುಗಳಲ್ಲಿ ಶತಮಾನಗಳ ಕಾಲ ಸತ್ತವರನ್ನು ಚರ್ಚಿನ ನೆಲದ ಕೆಳಗೆ, ಇಲ್ಲವೇ ಅದರ ಅಂಗಳದಲ್ಲೇ ಹೂಳುತ್ತಿದ್ದರು. ಪೂಜಾಪೀಠಕ್ಕೆ ಹತ್ತಿರವಾದಷ್ಟೂ ಪುಣ್ಯವೆಂಬ ನಂಬಿಕೆಯಿತ್ತು. ಹತ್ತಿರದ ಜಾಗ ಉಳ್ಳವರಿಗೆ ಸಿಗುತ್ತಿತ್ತು. ಜನಸಂಖ್ಯೆ ಬೆಳೆದಂತೆ ಚರ್ಚಿನ ನೆಲವನ್ನು ಮತ್ತೆ ಮತ್ತೆ ಅಗೆಯಬೇಕಾಯಿತು, ದುರ್ಗಂಧ ಹಬ್ಬಿತು. ಕೆಟ್ಟ ಗಾಳಿಯೇ ಸಾಂಕ್ರಾಮಿಕ ರೋಗಗಳ ಮೂಲವೆಂದು ನಂಬಿದ್ದ ಆ ಕಾಲದಲ್ಲಿ ಇದು ದೊಡ್ಡ ಭೀತಿಗೆ ಕಾರಣವಾಯಿತು. ಹೀಗಾಗಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್ 1787ರಲ್ಲಿ ಶವಸಂಸ್ಕಾರದ ಜಾಗಗಳನ್ನು ಊರಿನಾಚೆ, ಗಾಳಿಯಾಡುವ ಕಡೆ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಆಜ್ಞೆ ಹೊರಟಿದ್ದು ಒಂದು ದಿನದ ಕೆಲಸ. ಜನ ತಮ್ಮ ಹಿರಿಯರ ಪಕ್ಕದ ನೆಲವನ್ನು ಬಿಟ್ಟು ಹೊರಬರಲು ತಲೆಮಾರುಗಳೇ ಬೇಕಾದವು.

ಸಾನ್ ಹುವಾನ್ ಸುತ್ತಲೂ ಗೋಡೆ ಕಟ್ಟಿಕೊಂಡ ಪಟ್ಟಣ. ಒಳಗೆ ಅಂಗೈ ಅಗಲದ ಜಾಗವೂ ಬಿಡುವಿರಲಿಲ್ಲ. 1855–56ರಲ್ಲಿ ದ್ವೀಪವನ್ನು ಹೊಕ್ಕ ಕಾಲರಾ 25 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆ ಸತ್ತವರ ಜಾಗ ಊರಿನ ಹೊರಗಿರಬೇಕೆಂಬ ವಾದಕ್ಕೆ ಎದುರಾಡುವವರು ಹೆಚ್ಚು ಉಳಿದಿರಲಾರರು. ಸ್ಮಶಾನದ ಇಂದಿನ ರೂಪ 1863ರಿಂದ ಮೊದಲಾಗುತ್ತದೆ. ಗೋಡೆಯ ಹೊರಗೆ ಉತ್ತರಕ್ಕಿದ್ದ ಈ ಪಟ್ಟಿಯಲ್ಲಿ ಕಡಲ ಗಾಳಿ ಹಗಲಿರುಳೂ ಬೀಸುತ್ತದೆ. ಊರೊಳಗೆ ಬೇಡವೆನಿಸಿದ್ದೆಲ್ಲ ಈ ಬದಿಗೆ ಬಂದದ್ದನ್ನು ಗಮನಿಸಬೇಕು: ಕಸಾಯಿಖಾನೆ ಇಲ್ಲಿಗೆ ಬಂತು, ಗೋಡೆಯೊಳಗೆ ಇರಲು ಅವಕಾಶವಿಲ್ಲದ ಬಡವರು, ಗುಲಾಮಗಿರಿಯಿಂದ ಬಂದವರು ಇಲ್ಲಿ ಗುಡಿಸಲು ಹಾಕಿಕೊಂಡರು, ಸತ್ತವರೂ ಇಲ್ಲಿಗೇ ಬಂದರು. ಇಂದು ಯಾತ್ರಿಕರು ದ್ವೀಪದ ಅತಿ ಸುಂದರ ನೋಟವೆಂದು ಮೆಚ್ಚುವ ಜಾಗ ಅಂದು ನಗರ ಬೆನ್ನು ತಿರುಗಿಸಿದ್ದ ಜಾಗವಾಗಿತ್ತು.

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಬೇರೆ ವೀಸಾ ಬೇಕೇ?

ಬೇಕಿಲ್ಲ, ಆದರೆ ಅಮೆರಿಕದ ವೀಸಾ ಬೇಕೇ ಬೇಕು. ಪೋರ್ಟೊ ರಿಕೊ ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟ ಪ್ರದೇಶ. ನ್ಯೂಯಾರ್ಕ್, ಮಯಾಮಿ ಮುಂತಾದ ನಗರಗಳಿಂದ ಹೋಗುವ ವಿಮಾನಗಳು ದೇಶದೊಳಗಿನ ಪ್ರಯಾಣವೆಂದೇ ಪರಿಗಣಿತವಾಗುತ್ತವೆ. ಹಣ ಡಾಲರ್, ಜನರ ಮಾತು ಸ್ಪ್ಯಾನಿಷ್, ಆದರೆ ಹಳೆಯ ನಗರದಲ್ಲಿ ಇಂಗ್ಲಿಷಿನಿಂದ ಕೆಲಸ ನಡೆಯುತ್ತದೆ. ಅಲ್ಲಿನ ಗಡಿಯಾರ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ.

ನಡೆದು ಹೋಗುವುದು ಹೇಗೆ? ವಯಸ್ಸಾದವರಿಗೆ ಸಾಧ್ಯವೇ?

ಪ್ರವಾಸಿ ಹಡಗುಗಳು ತಂಗುವ ಬಂದರು ಹಳೆಯ ನಗರದ ದಕ್ಷಿಣಕ್ಕಿದೆ, ಸ್ಮಶಾನ ಉತ್ತರಕ್ಕೆ. ನಡುವಿನ ದೂರ ಒಂದೂವರೆ ಕಿಲೋಮೀಟರಿನಷ್ಟಿದ್ದರೂ ದಾರಿ ಮೊದಲು ಏರುತ್ತದೆ. ಎಲ್ ಮೊರೊ ಕೋಟೆಯ ಹುಲ್ಲುಗಾವಲಿನ ಬಳಿಗೆ ಬಂದು, ನೋರ್ಸಾಗರಾಯ್ ಬೀದಿಯ ಕಡೆಯಿಂದ ಇಳಿಯುವ ರಸ್ತೆಯನ್ನು ಹಿಡಿಯಬೇಕು. ಅದು ನಗರದ ಗೋಡೆಯನ್ನು ಕೊರೆದು ಮಾಡಿದ ಸುರಂಗದೊಳಗೆ ಹಾದು ಸ್ಮಶಾನದ ದ್ವಾರಕ್ಕೆ ಮುಟ್ಟಿಸುತ್ತದೆ. ಬಿಸಿಲಿನಿಂದ ಸುರಂಗದ ನೆರಳಿಗೆ ಇಳಿದಾಗ ಆ ಗೋಡೆ ಎಷ್ಟು ದಪ್ಪವಿದೆಯೆಂಬುದು ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ.

ಹೋಗುವಾಗ ಇಳಿಜಾರು, ಬರುವಾಗ ಅದೇ ಏರು. ಮೊಣಕಾಲು ನೋವಿರುವ ಹಿರಿಯರಿಗೆ ಬರುವ ದಾರಿಯೇ ಕಷ್ಟ. ಕೋಟೆಯ ಹತ್ತಿರದವರೆಗೆ ಟ್ಯಾಕ್ಸಿಯಲ್ಲಿ ಬಂದು, ಅಲ್ಲಿಂದ ನಿಧಾನವಾಗಿ ಇಳಿಯುವುದು ಒಳ್ಳೆಯದು. ಒಳಗೆ ಗೋರಿಗಳ ನಡುವಿನ ಕಾಲುದಾರಿಗಳು ಕಿರಿದಾಗಿವೆ, ಎಲ್ಲೆಡೆ ಸಮತಟ್ಟಾಗಿಲ್ಲ. ಗಾಲಿಕುರ್ಚಿಯನ್ನು ಮುಖ್ಯ ದಾರಿಯ ಆಚೆಗೆ ಒಯ್ಯುವುದು ದುಸ್ತರ. ಅಂಥವರಿಗೆ ಮೇಲಿನ ಗೋಡೆಯ ಬಳಿಯ ನೋಟವೇ ಸರಿಯಾದ ಆಯ್ಕೆ.

ಮೇಲಿನಿಂದಲೇ ಎಲ್ಲವೂ ಕಾಣುತ್ತದೆಯಲ್ಲ, ಕೆಳಗೆ ಇಳಿಯಲೇಬೇಕೇ?

ಕಾಲಿನಲ್ಲಿ ಶಕ್ತಿಯಿದ್ದವರು ಇಳಿಯಲೇಬೇಕು. ಮೇಲಿನಿಂದ ಕಾಣುವುದು ಚಿತ್ರ: ಬಿಳಿ ಕಲ್ಲು, ಕೆಂಪು ಗುಮ್ಮಟ, ನೀಲಿ ನೀರು. ಕೆಳಗೆ ಇಳಿದಾಗಲೇ ಹೆಸರುಗಳು ಸಿಗುತ್ತವೆ, ಹೆಸರುಗಳ ಜೊತೆಗೆ ಒಂದು ದ್ವೀಪ ನೂರೈವತ್ತು ವರ್ಷಗಳಿಂದ ತನ್ನೊಡನೆ ತಾನೇ ನಡೆಸುತ್ತಿರುವ ವಾಗ್ವಾದವೂ ಸಿಗುತ್ತದೆ. ಯಾರೆಂದು ತಿಳಿಯದೆ ಸುತ್ತಿದರೆ ಅರ್ಧ ಗಂಟೆಯಲ್ಲಿ ಬೇಸರವಾಗುತ್ತದೆ. ಐದಾರು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದವರಿಗೆ ಒಂದೂವರೆ ಗಂಟೆಯೂ ಸಾಲುವುದಿಲ್ಲ.

ಹಾಗಾದರೆ ಯಾರ ಯಾರ ಸಮಾಧಿಗಳನ್ನು ನೋಡಬೇಕು?

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ನಾಲ್ಕು ಶತಮಾನ ಸ್ಪೇನಿನ ಅಧೀನದಲ್ಲಿದ್ದ ಪೋರ್ಟೊ ರಿಕೊವನ್ನು 1898ರ ಯುದ್ಧದಲ್ಲಿ ಅಮೆರಿಕ ಗೆದ್ದುಕೊಂಡಿತು. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು, 1952ರಲ್ಲಿ ಸ್ವಂತ ಸಂವಿಧಾನವೂ ಬಂತು. ಆದರೂ ದ್ವೀಪದಲ್ಲಿ ವಾಸಿಸುವವರು ಇಂದಿಗೂ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಸ್ವತಂತ್ರ ದೇಶವಾಗಬೇಕೇ, ಅಮೆರಿಕದ ಪೂರ್ಣ ರಾಜ್ಯವಾಗಬೇಕೇ, ಇದ್ದಂತೆಯೇ ಇರಬೇಕೇ ಎಂಬ ಪ್ರಶ್ನೆ ಅಲ್ಲಿ ಮನೆ ಮನೆಯ ಊಟದ ಮೇಜಿನಲ್ಲೂ ಬಿಸಿಯಾಗಿರುತ್ತದೆ. ಆ ಪ್ರಶ್ನೆಯ ಬೇರೆ ಬೇರೆ ಉತ್ತರಗಳು ಈ ಸ್ಮಶಾನದಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿವೆ.

ಹೊಸೆ ದೆ ದಿಯೇಗೊ (1866–1918) ಕವಿ, ವಕೀಲ, ದ್ವೀಪದ ಶಾಸನಸಭೆಯ ಅಧ್ಯಕ್ಷರಾಗಿದ್ದವರು. ಶಾಲೆಗಳಲ್ಲಿ ಇಂಗ್ಲಿಷನ್ನು ಹೇರಿದ ಕಾಲದಲ್ಲಿ ಸ್ಪ್ಯಾನಿಷೇ ಬೋಧನಾ ಮಾಧ್ಯಮವಾಗಬೇಕೆಂದು ಪಟ್ಟುಹಿಡಿದು ಹೋರಾಡಿದರು. ಭಾಷಾ ಮಾಧ್ಯಮದ ಹೋರಾಟವನ್ನು ಕಂಡಿರುವ ಕನ್ನಡಿಗರಿಗೆ ಈ ಮನುಷ್ಯ ಅಪರಿಚಿತನೆಂದು ಅನ್ನಿಸುವುದಿಲ್ಲ. ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ದೇಹ ಈ ಕಡಲತಡಿಗೆ ಮರಳಿತು.

ಹೊಸೆ ಸೆಲ್ಸೊ ಬಾರ್ಬೋಸಾ (1857–1921) ಸ್ವಾತಂತ್ರ್ಯ ಬಯಸಿದ್ದ ದೆ ದಿಯೇಗೊ ಅವರಿಗೆ ತದ್ವಿರುದ್ಧವಾದ ರಾಜಕೀಯ ನಿಲುವಿನವರು. ಆಫ್ರಿಕನ್ ಮೂಲದ, ಬಡ ಕುಟುಂಬದ ಈ ಹುಡುಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1880ರಲ್ಲಿ ವೈದ್ಯ ಪದವಿ ಪಡೆದು ಊರಿಗೆ ಬಂದಾಗ ಸ್ಪೇನಿನ ಅಧಿಕಾರಿಗಳು ಮೊದಲಿಗೆ ಆ ಪದವಿಯನ್ನು ಒಪ್ಪಲೇ ಇಲ್ಲ. 1899ರಲ್ಲಿ ಪೋರ್ಟೊ ರಿಕೊದ ರಿಪಬ್ಲಿಕನ್ ಪಕ್ಷವನ್ನು ಕಟ್ಟಿದ ಅವರು ದ್ವೀಪವು ಅಮೆರಿಕದ ಒಂದು ರಾಜ್ಯವಾಗಬೇಕೆಂದು ವಾದಿಸಿದರು. ಇಂದಿಗೂ ಆ ಚಳವಳಿಯ ಪಿತಾಮಹರೆಂದು ಅವರನ್ನೇ ಕರೆಯುತ್ತಾರೆ. ಒಬ್ಬ ಕಪ್ಪು ವೈದ್ಯನಿಗೆ ವಿದ್ಯೆ ಕೊಟ್ಟ ದೇಶದ ಬಗ್ಗೆ ಅವನಿಗಿದ್ದ ವಿಶ್ವಾಸವನ್ನು ದಾಸ್ಯಬುದ್ಧಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು.

1946ರಲ್ಲಿ ಸ್ವಾತಂತ್ರ್ಯವಾದಿ ಪಕ್ಷವನ್ನು ಸ್ಥಾಪಿಸಿ, ಮತಪೆಟ್ಟಿಗೆಯ ಮೂಲಕವೇ ಸ್ವಾತಂತ್ರ್ಯ ಪಡೆಯಬೇಕೆಂದು ದುಡಿದ ಹಿಲ್ಬೆರ್ತೊ ಕಾನ್ಸೆಪ್ಸಿಯೋನ್ ದೆ ಗ್ರಾಸಿಯಾ ಅವರೂ ಇಲ್ಲಿದ್ದಾರೆ.

ಬಾವುಟಗಳಿರುವ ಸಮಾಧಿ ಯಾರದು?

ಪೆದ್ರೊ ಅಲ್ಬಿಸು ಕಾಂಪೋಸ್ ಅವರದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವರು 1930ರಲ್ಲಿ, ದ್ವೀಪದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ನ್ಯಾಷನಲಿಸ್ಟ್ ಪಕ್ಷದ ಅಧ್ಯಕ್ಷರಾದರು. ರಾಜದ್ರೋಹದ ಸಂಚಿನ ಆರೋಪದ ಮೇಲೆ ಶಿಕ್ಷೆಯಾಗಿ ಅಟ್ಲಾಂಟಾದ ಸೆರೆಮನೆ ಸೇರಿದರು. ಅಮೆರಿಕದ ಆಡಳಿತದ ವಿರುದ್ಧ ನಡೆದ 1950ರ ದಂಗೆಯ ನಂತರ ಮತ್ತೆ ಬಂಧನವಾಯಿತು. 1964ರ ಕೊನೆಯಲ್ಲಿ, ಕಾಯಿಲೆಯಿಂದ ಜರ್ಜರಿತರಾಗಿದ್ದಾಗ ಕ್ಷಮಾದಾನ ಸಿಕ್ಕಿತು. 1965ರ ಏಪ್ರಿಲಿನಲ್ಲಿ ತೀರಿಕೊಂಡರು.

ಅವರ ಸಮಾಧಿಯ ಬಳಿ ಜನ ಪೋರ್ಟೊ ರಿಕೊದ ಬಾವುಟಗಳನ್ನು ಇಟ್ಟುಹೋಗುತ್ತಾರೆ. ಅಲ್ಲಿ ಒಂದು ನಿಮಿಷ ಬಗ್ಗಿ, ಬಾವುಟದ ತ್ರಿಕೋನದ ಬಣ್ಣವನ್ನು ನೋಡಬೇಕು. ಸರ್ಕಾರಿ ಕಚೇರಿಗಳ ಮೇಲೆ ಹಾರುವ ಬಾವುಟದಲ್ಲಿ ನೀಲಿ ಗಾಢವಾಗಿರುತ್ತದೆ. ಸ್ವಾತಂತ್ರ್ಯವಾದಿಗಳು ತರುವ ಬಾವುಟದಲ್ಲಿ ತಿಳಿನೀಲಿ. ಅಪರಿಚಿತರ ಕಣ್ಣಿಗೆ ಬಣ್ಣ ಮಾಸಿದಂತೆ ಕಾಣುವ ಆ ವ್ಯತ್ಯಾಸದಲ್ಲಿ ಅಲ್ಲಿನವರಿಗೆ ತಂದಿಟ್ಟವರ ನಿಲುವೇ ತಿಳಿದುಬಿಡುತ್ತದೆ. 1948ರಲ್ಲಿ ಬಂದು 1957ರಲ್ಲಿ ರದ್ದಾದ ಒಂದು ಕಾನೂನಿನ ಕಾಲದಲ್ಲಿ ಈ ಬಾವುಟವನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೇ ಜನ ಜೈಲಿಗೆ ಹೋಗುವ ಸ್ಥಿತಿಯಿತ್ತು. ಆದ್ದರಿಂದ ಸಮಾಧಿಯ ಮೇಲಿನ ಬಾವುಟವನ್ನು ಫೋಟೊಗಾಗಿ ಎತ್ತುವುದು, ಸರಿಸುವುದು, ಮಕ್ಕಳ ಕೈಗೆ ಕೊಡುವುದು ಖಂಡಿತ ಸಲ್ಲದು.

ಲೋಲಿತಾ ಲೆಬ್ರೋನ್ ಕೂಡ ಇಲ್ಲೇ ಇದ್ದಾರೆಯೇ? ಅವರು ಗುಂಡು ಹಾರಿಸಿದವರಲ್ಲವೇ?

ಹೌದು, ಎರಡೂ ನಿಜ. ಸ್ವಾತಂತ್ರ್ಯವಾದಿಯಾಗಿದ್ದ ಅವರೂ ಮೂವರು ಸಂಗಡಿಗರೂ 1954ರ ಮಾರ್ಚ್ 1ರಂದು ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ ವೀಕ್ಷಕರ ಅಂಕಣದಿಂದ ಗುಂಡು ಹಾರಿಸಿದರು. ಐವರು ಸದಸ್ಯರು ಗಾಯಗೊಂಡರು. 25 ವರ್ಷ ಸೆರೆಯಲ್ಲಿದ್ದ ಅವರನ್ನು 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಿಡುಗಡೆ ಮಾಡಿದರು. ಇಳಿವಯಸ್ಸಿನಲ್ಲಿ ಅವರು ವಿಯೇಕೆಸ್ ದ್ವೀಪದಲ್ಲಿ ಅಮೆರಿಕದ ನೌಕಾಪಡೆ ನಡೆಸುತ್ತಿದ್ದ ಬಾಂಬ್ ಅಭ್ಯಾಸದ ವಿರುದ್ಧದ ಚಳವಳಿಯಲ್ಲಿ ಭಾಗವಹಿಸಿ ಮತ್ತೊಮ್ಮೆ ಜೈಲಿಗೆ ಹೋದರು. 2010ರಲ್ಲಿ ತೀರಿಕೊಂಡರು.

ಅಲ್ಲಿನ ಕೆಲವರಿಗೆ ಅವರು ವೀರವನಿತೆ, ಮತ್ತೆ ಕೆಲವರಿಗೆ ಹಿಂಸೆಯ ದಾರಿ ಹಿಡಿದವರು. ಹೊರಗಿನಿಂದ ಬಂದ ನಾವು ತೀರ್ಪು ಕೊಡಬೇಕಾದ ಅಗತ್ಯವಿಲ್ಲ. ಕೇಳಿಸಿಕೊಳ್ಳುವ ಅಗತ್ಯವಿದೆ. ಪಕ್ಕದಲ್ಲಿ ನಿಂತ ಸ್ಥಳೀಯರು ತಾವಾಗಿ ಮಾತು ತೆಗೆದರೆ ಕಿವಿಗೊಡಿ, ವಾದಕ್ಕಿಳಿಯಬೇಡಿ.

ರಾಜಕೀಯ ಬಿಟ್ಟು ಬೇರೆ ಯಾರಿದ್ದಾರೆ?

ಸಂಗೀತಪ್ರಿಯರು ರಫಾಯೆಲ್ ಎರ್ನಾಂದೆಸ್ ಅವರ ಸಮಾಧಿಯನ್ನು ಹುಡುಕಬೇಕು. ಮೊದಲ ಮಹಾಯುದ್ಧದಲ್ಲಿ ಹಾರ್ಲೆಮ್‌ನ ಕಪ್ಪು ಸೈನಿಕರ ಪ್ರಸಿದ್ಧ ದಳದ ವಾದ್ಯಮೇಳದಲ್ಲಿ ನುಡಿಸಿದ ಇವರು 1929ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ‘ಲಮೆಂತೊ ಬೊರಿಂಕಾನೊ’ ಎಂಬ ಹಾಡನ್ನು ರಚಿಸಿದರು. ಹಳ್ಳಿಯ ರೈತನೊಬ್ಬ ಬೆಳೆದದ್ದನ್ನು ಹೇರಿಕೊಂಡು ಹರ್ಷದಿಂದ ಸಂತೆಗೆ ಹೊರಟು, ಕೊಳ್ಳುವವರಿಲ್ಲದೆ ಮರಳುವ ಕಥೆ ಅದರದ್ದು. ಹೊರಡುವ ಮೊದಲು ಅದನ್ನು ಒಮ್ಮೆ ಕೇಳಿ ಹೋಗಿ. ಸಂತೆಯಲ್ಲಿ ಟೊಮೇಟೊ ಸುರಿದು ಬಂದ ರೈತರ ನಾಡಿನವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಸಾಲ್ಸಾ ಸಂಗೀತಕ್ಕೆ ನೂರಾರು ಹಾಡುಗಳನ್ನು ಬರೆದುಕೊಟ್ಟ ತಿತೆ ಕುರೆತ್ ಅಲೋನ್ಸೊ (1926–2003) ಅವರೂ ಇಲ್ಲಿದ್ದಾರೆ. ಜೀವನೋಪಾಯಕ್ಕೆ ಅವರು ಅಂಚೆ ಇಲಾಖೆಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು.

ಆಸ್ಕರ್ ಪ್ರಶಸ್ತಿ ಗೆದ್ದ ಮೊದಲ ಹಿಸ್ಪ್ಯಾನಿಕ್ ನಟ ಹೊಸೆ ಫೆರೆರ್ (1912–1992) ಹುಟ್ಟಿದ್ದು ಸಾನ್ ಹುವಾನ್‌ನಲ್ಲಿ. ಅವರ ಸಮಾಧಿಯೂ ಇಲ್ಲಿದೆ.

ಇವರೆಲ್ಲರ ನಡುವೆ ನನ್ನ ಮನಸ್ಸಿಗೆ ಅತಿ ಹತ್ತಿರವಾದವರು ಪೆದ್ರೊ ಸಾಲಿನಾಸ್. ಅವರು ಈ ದ್ವೀಪದವರೇ ಅಲ್ಲ. 1891ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಈ ಕವಿ ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್ ಬಿಟ್ಟು ಅಮೆರಿಕ ಸೇರಿದರು. 1943ರಿಂದ 1946ರವರೆಗೆ ಪೋರ್ಟೊ ರಿಕೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಸಾನ್ ಹುವಾನ್‌ನ ಈ ಸಮುದ್ರವನ್ನೇ ದಿನವೂ ನೋಡುತ್ತ, ಅದನ್ನೇ ಉದ್ದೇಶಿಸಿ ಒಂದು ಇಡೀ ಕಾವ್ಯವನ್ನು ಬರೆದರು. 1951ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡ ಅವರನ್ನು ಇಲ್ಲಿಗೆ ತಂದು, ಅವರು ಮಾತನಾಡಿಸಿದ ನೀರಿನ ಎದುರಿಗೇ ಮಣ್ಣು ಮಾಡಿದರು. ಸ್ವಂತ ದೇಶಕ್ಕೆ ಮರಳಲಾಗದ ಮನುಷ್ಯನಿಗೆ ಇನ್ನೊಂದು ವಸಾಹತು ನಗರ ಕೊಟ್ಟ ಈ ಮೂರಡಿ ಆರಡಿ ಜಾಗದ ಮುಂದೆ, ಪರದೇಶದಲ್ಲಿ ಬದುಕು ಕಟ್ಟಿಕೊಂಡ ನಮ್ಮವರೂ ಸ್ವಲ್ಪ ಹೊತ್ತು ನಿಲ್ಲಬಹುದು.

ನಮ್ಮಲ್ಲೂ ಬ್ರಿಟಿಷರ, ಡಚ್ಚರ ಹಳೆಯ ಸ್ಮಶಾನಗಳಿವೆ. ಇದು ಹೇಗೆ ಭಿನ್ನ?

ಕಾವೇರಿಯ ದಡದಲ್ಲಿರುವ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ 1799ರ ನಂತರ ಅಲ್ಲಿ ಬೀಡುಬಿಟ್ಟಿದ್ದ ಯುರೋಪಿಯನ್ ಅಧಿಕಾರಿಗಳೂ ಅವರ ಮಡದಿ ಮಕ್ಕಳೂ ಮಲಗಿದ್ದಾರೆ. ಫೋರ್ಟ್ ಕೊಚ್ಚಿಯ ಕಡಲತೀರದ ಬಳಿ 1724ರ ಡಚ್ ಸ್ಮಶಾನವಿದೆ. ಇವು ಬಂದು ಆಳಿದವರ, ಆಳುತ್ತಲೇ ಅಳಿದವರ ಜಾಗಗಳು. ಅವರ ವಂಶದವರು ಹೆಚ್ಚಾಗಿ ಇಲ್ಲಿಲ್ಲ. ಹಾಗಾಗಿ ಅಲ್ಲಿ ಮೌನವಿದೆ, ಹೊಸ ಹೂವಿಲ್ಲ.

ಸಾನ್ ಹುವಾನ್‌ನಲ್ಲಿ ಜಾಗವನ್ನು ಗುರುತಿಸಿದ್ದು ವಸಾಹತು ಆಡಳಿತ, ಅದನ್ನು ತುಂಬಿದ್ದು ದ್ವೀಪದ ಮಕ್ಕಳು. ಎರಡು ಸಾಮ್ರಾಜ್ಯಗಳನ್ನು ಎದುರಿಸಿದವರು, ಒಪ್ಪಿದವರು, ಅವುಗಳ ನಡುವೆ ಹಾಡಿದವರು ಎಲ್ಲರೂ ಸಾಮ್ರಾಜ್ಯ ಕಟ್ಟಿದ ಗೋಡೆಯ ಬುಡದಲ್ಲೇ ಇದ್ದಾರೆ. ಇದು ಇಂದಿಗೂ ಬಳಕೆಯಲ್ಲಿದೆ. ಅವರ ಮೊಮ್ಮಕ್ಕಳು ಬರುತ್ತಾರೆ, ಹೂವಿಡುತ್ತಾರೆ, ಅಳುತ್ತಾರೆ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಂತೆ ಇಲ್ಲಿ ಮಾಡುವಂತಿಲ್ಲ. ಅಲ್ಲಿಯೂ ಮಾಡದಿದ್ದರೆ ಒಳ್ಳೆಯದು.

ಸ್ಪ್ಯಾನಿಷ್ ಬಾರದವರು ಕಲ್ಲಿನ ಬರಹವನ್ನು ಓದುವುದು ಹೇಗೆ?

ಹೆಸರಿನ ಕ್ರಮ ತಿಳಿದರೆ ಅರ್ಧ ಕೆಲಸ ಮುಗಿಯಿತು. ಸ್ಪ್ಯಾನಿಷ್ ಪದ್ಧತಿಯಲ್ಲಿ ಹೆಸರಿನ ಕೊನೆಯಲ್ಲಿ ಎರಡು ಮನೆತನದ ಹೆಸರುಗಳಿರುತ್ತವೆ: ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಆದ್ದರಿಂದ ಅಲ್ಬಿಸು ಕಾಂಪೋಸ್ ಅವರನ್ನು ಹುಡುಕುವಾಗ ಅಲ್ಬಿಸು ಎಂಬುದನ್ನೇ ಮುಖ್ಯವಾಗಿ ನೋಡಬೇಕು. ‘ಫಮಿಲಿಯಾ’ ಎಂದು ಕೊರೆದಿದ್ದರೆ ಅದು ಕುಟುಂಬದ ಸಮಾಧಿ. ಒಂದೇ ಕಲ್ಲಿನ ಕೆಳಗೆ ಹಲವು ತಲೆಮಾರುಗಳಿರಬಹುದು. ‘ನಾಸಿಯೊ’ ಎಂದಿರುವೆಡೆ ಹುಟ್ಟಿದ ದಿನ, ‘ಫಯೆಸಿಯೊ’ ಎಂದಿರುವೆಡೆ ತೀರಿಕೊಂಡ ದಿನ. ಕ್ಯೂ, ಇ, ಪಿ, ಡಿ ಎಂಬ ನಾಲ್ಕು ಅಕ್ಷರಗಳು ಚಿರಶಾಂತಿಯ ಹಾರೈಕೆ. ಸಾಲುಗಳಲ್ಲಿ ದಾರಿ ತೋರುವ ಫಲಕಗಳನ್ನು ನೆಚ್ಚಿಕೊಳ್ಳಬೇಡಿ. ಕೆಲಸಗಾರರು ಕಂಡರೆ ಚೀಟಿಯಲ್ಲಿ ಬರೆದ ಹೆಸರನ್ನು ತೋರಿಸಿ.

ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ಹೋಗಬೇಕು? ಟಿಕೆಟ್ ಇದೆಯೇ?

ಸ್ಮಶಾನಕ್ಕೆ ಟಿಕೆಟ್ ಇಲ್ಲ. ಪಕ್ಕದ ಎಲ್ ಮೊರೊ ಕೋಟೆಗೆ ಇದೆ. ಬೆಳಗಿನ ಹೊತ್ತೇ ಒಳ್ಳೆಯದು. ಸಂಜೆಯವರೆಗೂ ಬಾಗಿಲು ತೆರೆದಿರುತ್ತದೆಂದು ನಂಬಿ ಸೂರ್ಯಾಸ್ತಕ್ಕೆ ಹೊರಡಬೇಡಿ.

ಅಕ್ಷಾಂಶದ ಲೆಕ್ಕದಲ್ಲಿ ಸಾನ್ ಹುವಾನ್ ನಮ್ಮ ಬೀದರಿಗಿಂತ ತುಸುವೇ ಉತ್ತರಕ್ಕಿದೆ, ಹವೆ ಮಾತ್ರ ಮಂಗಳೂರಿನಂತೆ. ಒಳಗೆ ನೆರಳು ಬಹಳ ಕಡಿಮೆ, ಬಿಳಿ ಕಲ್ಲಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಟೋಪಿ, ಕಪ್ಪು ಕನ್ನಡಕ, ನೀರಿನ ಬಾಟಲಿ ಇರಲಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹವೆ ಹಿತವಾಗಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 20ರಂದು ದ್ವೀಪವನ್ನು ಅಪ್ಪಳಿಸಿದ ಮರಿಯಾ ಚಂಡಮಾರುತದ ನೆನಪು ಅಲ್ಲಿನವರಿಗೆ ಇನ್ನೂ ಹಸಿಯಾಗಿದೆ. ಜನವರಿಯ ಸಾನ್ ಸೆಬಾಸ್ಟಿಯನ್ ಬೀದಿ ಉತ್ಸವದ ದಿನಗಳಲ್ಲಿ ಹಳೆಯ ನಗರದಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೇ ತಿಂಗಳ ಎರಡನೆಯ ಭಾನುವಾರದ ತಾಯಂದಿರ ದಿನ ಮತ್ತು ನವೆಂಬರ್ 2ರ ಸತ್ತವರ ಸ್ಮರಣೆಯ ದಿನ ಕುಟುಂಬಗಳು ಬರುವ ದಿನಗಳು. ಪ್ರವಾಸಿಗರು ಅಂದು ದೂರವಿರುವುದೇ ಮರ್ಯಾದೆ.

ಪಕ್ಕದ ಲಾ ಪೆರ್ಲಾ ಅಪಾಯಕಾರಿ ಎನ್ನುತ್ತಾರೆ. ಸುರಕ್ಷಿತವೇ?

ಹಗಲಿನಲ್ಲಿ, ಮುಖ್ಯ ದಾರಿಯಲ್ಲೇ ಹೋಗಿಬರುವವರು ಹೆದರಬೇಕಿಲ್ಲ. ಕತ್ತಲಾದ ಮೇಲೆ ಆ ಕಡೆ ಸುಳಿಯಬಾರದು. ಲಾ ಪೆರ್ಲಾದ ಬಗ್ಗೆ ದಶಕಗಳಿಂದ ಕೆಟ್ಟ ಹೆಸರಿದ್ದದ್ದು ನಿಜ. ಆದರೆ ಗೋಡೆಯ ಹೊರಗೆ ತಳ್ಳಲ್ಪಟ್ಟವರ ಊರು ಅದೆಂಬುದನ್ನು ಮರೆಯಬಾರದು. 2017ರಲ್ಲಿ ಜಗತ್ತಿನಾದ್ಯಂತ ಜನಪ್ರಿಯವಾದ ಹಾಡೊಂದರ ಚಿತ್ರೀಕರಣ ಅಲ್ಲಿ ನಡೆದ ಮೇಲೆ ಪ್ರವಾಸಿಗರ ಓಡಾಟ ಹೆಚ್ಚಾಯಿತು. ಅಲ್ಲಿನವರ ಮನೆಬಾಗಿಲು, ಒಣಹಾಕಿದ ಬಟ್ಟೆ, ಆಡುವ ಮಕ್ಕಳು ನಮ್ಮ ಕ್ಯಾಮೆರಾಕ್ಕೆ ಮೀಸಲಾದ ದೃಶ್ಯಗಳಲ್ಲ.

ಸ್ಮಶಾನದೊಳಗೆ ಫೋಟೊ ತೆಗೆಯಬಹುದೇ? ಡ್ರೋನ್?

ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದೊಳಗಿರಲಿ, ನೀವೂ ಬೇರೆ ಸಾಲಿಗೆ ಸರಿಯಿರಿ. ಉಳಿದ ಸಮಯದಲ್ಲಿ ಶಿಲ್ಪ, ಗುಮ್ಮಟ, ಕಡಲು ಇವುಗಳ ಚಿತ್ರ ತೆಗೆಯಲು ಅಡ್ಡಿಯಿಲ್ಲ. ಗೋರಿಯ ಮೇಲೆ ಹತ್ತಿ, ಒರಗಿ, ಕಾಲು ಚಾಚಿ ತೆಗೆಸಿಕೊಳ್ಳುವ ಚಿತ್ರ ಯಾವ ದೇಶದಲ್ಲೂ ಶೋಭಿಸುವುದಿಲ್ಲ. ಕೋಟೆ ಮತ್ತು ಹುಲ್ಲುಗಾವಲು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿದ್ದು, ಅಲ್ಲಿ ಡ್ರೋನ್ ಹಾರಿಸುವುದು ನಿಷಿದ್ಧ. ಗಾಳಿಪಟ ಹಾರಿಸಬಹುದು, ಸ್ಥಳೀಯ ಕುಟುಂಬಗಳು ಭಾನುವಾರ ಅದಕ್ಕಾಗಿಯೇ ಬರುತ್ತವೆ.

ಸ್ಮಶಾನಕ್ಕೆ ಹೋಗಿಬಂದರೆ ಮೈಲಿಗೆಯಲ್ಲವೇ? ಮಕ್ಕಳನ್ನು ಕರೆದೊಯ್ಯಬಹುದೇ?

ಊರಿನಿಂದ ಬಂದ ಹಿರಿಯರು ಕೇಳುವ ಪ್ರಶ್ನೆ ಇದು. ಅದನ್ನು ಹಗುರವಾಗಿ ಕಾಣಬಾರದು. ಮನೆಯ ಪದ್ಧತಿಯಂತೆ ಹಿಂದಿರುಗಿದ ಮೇಲೆ ಸ್ನಾನ ಮಾಡುವವರು ಅದಕ್ಕೆ ತಕ್ಕಂತೆ ದಿನವನ್ನು ಹೊಂದಿಸಿಕೊಂಡರಾಯಿತು: ಸ್ಮಶಾನವನ್ನು ಕೊನೆಗಿಟ್ಟುಕೊಂಡು, ಊಟವನ್ನು ವಸತಿಗೆ ಮರಳಿದ ಮೇಲೆ ಮಾಡಬಹುದು. ಮನಸ್ಸಿಗೆ ಒಗ್ಗದವರನ್ನು ಒತ್ತಾಯಿಸಬೇಡಿ. ಅವರು ಮೇಲೆ ಹುಲ್ಲಿನ ಮೇಲೆ ಗಾಳಿಗೆ ಕುಳಿತಿರಲಿ. ಶರಣರನ್ನೂ ಸೂಫಿಗಳನ್ನೂ ಗದ್ದುಗೆ ದರ್ಗಾಗಳಲ್ಲಿ ಕಂಡು ಕೈಮುಗಿಯುವ ನಾಡಿನವರಿಗೆ ಸಮಾಧಿಯ ದರ್ಶನ ಹೊಸದೇನಲ್ಲ. ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಿರಿ, ಆದರೆ ಓಡಲು ಬಿಡಬೇಡಿ.

ಗೋರಿಯ ಕಲ್ಲುಗಳನ್ನು ಮುಟ್ಟಬಹುದೇ? ಹೂವು, ಕುಂಕುಮ, ದೀಪ ಇಡಬಹುದೇ?

ಮುಟ್ಟದಿರುವುದೇ ಒಳ್ಳೆಯದು, ಕಾರಣವನ್ನೂ ತಿಳಿಯಿರಿ. ಅಮೃತಶಿಲೆ ಸುಣ್ಣದ ಅಂಶದ ಕಲ್ಲು. ಅಲೆಯ ತುಂತುರಿನೊಡನೆ ಬರುವ ಉಪ್ಪು ಅದರ ಸೂಕ್ಷ್ಮ ರಂಧ್ರಗಳನ್ನು ಸೇರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಮತ್ತೆ ಒದ್ದೆಯಾದಾಗ ಕರಗುತ್ತದೆ. ಈ ಕ್ರಿಯೆ ವರ್ಷಾನುಗಟ್ಟಲೆ ನಡೆದು ಕಲ್ಲಿನ ಮೇಲ್ಮೈ ಸಕ್ಕರೆಯಂತೆ ಉದುರತೊಡಗುತ್ತದೆ. ಶಿಲ್ಪದ ಬೆರಳು, ಮೂಗು, ರೆಕ್ಕೆಯ ತುದಿಯಂಥ ತೆಳುವಾದ ಭಾಗಗಳು ಮೊದಲು ಸವೆಯುತ್ತವೆ. ಕಲ್ಲುಗಳನ್ನು ಜೋಡಿಸಲು ಒಳಗೆ ಕಬ್ಬಿಣ ಬಳಸಿದ್ದರೆ ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಗಟ್ಟಿಯಾಗಿ ಕಾಣುವ ಶಿಲುಬೆ ಕೈ ಊರಿದರೆ ಅಲುಗಬಹುದು. ನಿಮಗೂ ಅಪಾಯ, ಅದಕ್ಕೂ ಅಪಾಯ. ಅಕ್ಷರ ಕಾಣಿಸಲೆಂದು ನೀರು ಹಾಕಿ ಉಜ್ಜುವುದು, ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕುವುದು ಕೂಡದು.

ಭಕ್ತಿಯಿಂದಲೇ ಆದರೂ ಅರಿಸಿನ, ಕುಂಕುಮ, ಎಣ್ಣೆ ಬೇಡ. ಅಮೃತಶಿಲೆ ಇವನ್ನು ಹೀರಿಕೊಳ್ಳುತ್ತದೆ, ಕಲೆ ಮತ್ತೆ ಹೋಗುವುದಿಲ್ಲ. ಬಿಡಿ ಹೂವೊಂದನ್ನು ಬುಡದಲ್ಲಿಟ್ಟು ಕೈಮುಗಿಯಬಹುದು. ಹೂವಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ನಿಮ್ಮ ಜೊತೆಗೇ ತನ್ನಿ. ಅಲ್ಲಿನ ಗಾಳಿಗೆ ಅದು ನಿಮಿಷದಲ್ಲಿ ಕಡಲು ಸೇರುತ್ತದೆ.